ಕ್ಲಿಕ್ಕಿಗೆ ಸಿಗದ ಓಬೇಲೆ

ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಒಂದು ಸಣ್ಣ ಕನ್ನಡ ಸಿನಿಮಾದ ಹಿನ್ನೆಲೆ ಸಂಗೀತದ ಕೆಲಸ ಕೈಗೆ ಬಂತು. ಕಥೆ ನಮ್ಮ ಕಡೆಯದ್ದೇ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಹೋದರೆ ಸಿಗುವಂಥ ಒಂದು ಗಡಿ ಊರು, ಹಿಂದೆ ಭತ್ತದ ನೇಜಿ ನೆಡುತ್ತಾ ಹಾಡುತ್ತಿದ್ದ ಒಬ್ಬ ಅಜ್ಜಿ, ಮಂಗಳೂರಿನಲ್ಲಿ ಕೆಲಸ ಮಾಡುವ ಮೊಮ್ಮಗ. ಅಜ್ಜಿ ಹಾಡಿದ ಗದ್ದೆಯಲ್ಲಿ ಈಗ ಅಡಿಕೆ ತೋಟ. ಚಿತ್ರ ನೋಡಿ ನನಗೆ ತುಂಬ ಖುಷಿಯಾಯಿತು. ಆದರೆ ಅದರ ಜೊತೆ ಬಂದ ಟೆಂಪ್ ಟ್ರ್ಯಾಕ್ ಕೇಳಿ ಮನಸ್ಸಿಗೆ ಏನೋ ಕಿರಿಕಿರಿ. ಟೆಂಪ್ ಟ್ರ್ಯಾಕ್ ಅಂದರೆ, ಬೇರೆ ಸಿನಿಮಾಗಳ ಸಂಗೀತವನ್ನು ತಮ್ಮ ದೃಶ್ಯಕ್ಕೆ ಸದ್ಯಕ್ಕೆ ಅಂಟಿಸಿ, 'ನನಗೆ ಇಂಥದ್ದು ಬೇಕು' ಅಂತ ನಿರ್ದೇಶಕರು ನಮಗೆ ತೋರಿಸುವ ದಾರಿ. ಅಜ್ಜಿ ಸುಮ್ನೆ ಅಂಗಳಕ್ಕೆ ಬಂದು ನಿಂತರೂ ಸಾಕು, ಡೋಲು, ಚೆಂಡೆ, ಕೊಂಬು, ಅದರ ಮೇಲೆ ಗಂಡಸರ ಕೂಗು, ಕೆಳಗೆ ದಪ್ಪನೆಯ ಸಿಂಥಸೈಜರ್ ಸದ್ದು. 2022ರಲ್ಲಿ 'ಕಾಂತಾರ' ಬಂದ ಮೇಲೆ ಕರಾವಳಿ ಅಂದರೆ ಇದೇ ಸದ್ದು ಅನ್ನುವ ಹಾಗಾಗಿದೆ. ಆ ಕಥೆಗೆ ಆ ಸದ್ದು ಬೇಕಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಂಗಳದಲ್ಲಿ ನಿಂತು ಆಕಾಶ ನೋಡುವ ಈ ಅಜ್ಜಿಗೆ ಯಾಕೆ?

'ರೂಟೆಡ್ ಆಗಿರಬೇಕು, ಆ ಊರಿನ ಜನರದ್ದೇ ಸಂಗೀತ ಅನ್ನಿಸಬೇಕು' ಅಂದರು ನಿರ್ದೇಶಕರು. ಅವರ ಆಸೆ ಪ್ರಾಮಾಣಿಕವಾದದ್ದು. ನಾನೂ ಅದನ್ನೇ ಬಯಸುವವನು. ಹಾಗಿದ್ದ ಮೇಲೆ ಒಂದು ಊರಿನ ಸಂಗೀತ ಇರುವುದು ಎಲ್ಲಿ? ವಾದ್ಯದಲ್ಲೋ, ರಾಗದಲ್ಲೋ, ಮತ್ತೆಲ್ಲೋ? ಆ ಮಳೆಗಾಲ ಪೂರ್ತಿ ಈ ಪ್ರಶ್ನೆ ನನ್ನ ತಲೆಯಲ್ಲಿತ್ತು.

ಸದ್ದು ಸುಲಭವಾಗಿ ಸಿಗುತ್ತದೆ

ಈಗ ವಾದ್ಯದ ಸದ್ದಿಗೆ ಬರ ಇಲ್ಲ. ಚೆಂಡೆ ಬೇಕಾ, ದುಡ್ಡು ಕೊಟ್ಟರೆ ಸ್ಯಾಂಪಲ್ ಸಿಗುತ್ತದೆ. ಮೆಲ್ಲಗೆ ಹೊಡೆದದ್ದು, ಜೋರಾಗಿ ಹೊಡೆದದ್ದು, ಅಂಚಿಗೆ ಹೊಡೆದದ್ದು, ಒಂದೊಂದೂ ಬೇರೆ ಬೇರೆ. ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಸಾಕು. ಒಳ್ಳೆಯ ಮೈಕಿನಲ್ಲಿ ಹಿಡಿದ ಸದ್ದು, ಸ್ಪಷ್ಟವಾಗಿಯೇ ಇರುತ್ತದೆ. ಆದರೆ ಆ ಸದ್ದನ್ನು ಕಂಪ್ಯೂಟರಿನಲ್ಲಿ ಎಳೆದು ಇಡುವುದು ಒಂದು ಜಾಲರಿಯ ಮೇಲೆ, ಅಂದರೆ ಕಾಲವನ್ನು ಸಮ ಸಮ ಭಾಗ ಮಾಡಿದ ಗೆರೆಗಳ ಮೇಲೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಸಂಗೀತದ ವೇಗ ನಿಮಿಷಕ್ಕೆ 120 ಬೀಟ್ ಅಂತ ಇಟ್ಟರೆ ಒಂದು ಬೀಟಿಗೆ ಸರಿಯಾಗಿ 12 ಫ್ರೇಮ್. ಕತ್ತರಿಸುವವರಿಗೆ ಸುಲಭ, ನಮಗೂ ಸುಲಭ. ವಾದಕರ ಕಿವಿಯಲ್ಲಿ ಟಕ್ ಟಕ್ ಅನ್ನುವ ಕ್ಲಿಕ್ ಹಾಕುತ್ತೇವೆ. ಬಾಗಿಲು ಮುಚ್ಚುವ ಫ್ರೇಮಿಗೂ ತಾಳದ ಪೆಟ್ಟಿಗೂ ತಾಳೆ ಆಗುತ್ತದೆ. ಈ ವ್ಯವಸ್ಥೆಯಿಂದ ಎಷ್ಟೋ ಒಳ್ಳೆಯ ಸಂಗೀತ ಹುಟ್ಟಿದೆ. ನಾನೂ ಅದನ್ನು ನಂಬಿಯೇ ಬದುಕುತ್ತಿದ್ದೇನೆ.

ಆದರೆ ಆ ಜಾಲರಿಯಲ್ಲಿ ಕೂರಿಸಿದ ಕೂಡಲೇ ನಮ್ಮೂರಿನ ಯಾವ ವಾದ್ಯವೂ ನಮ್ಮೂರಿನದ್ದಾಗಿ ಉಳಿಯುವುದಿಲ್ಲ. ಸದ್ದು ಉಳಿಯುತ್ತದೆ, ಅಷ್ಟೇ. ಒಂದು ಸಮುದಾಯ ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವುದು ತೊಗಲಿನ ಸದ್ದನ್ನಲ್ಲ. ಆ ಸದ್ದು ಯಾವಾಗ ಬರಬೇಕು, ಎಷ್ಟು ಹೊತ್ತು ತೆಗೆದುಕೊಳ್ಳಬೇಕು, ಎಲ್ಲಿ ತಡವಾಗಬೇಕು, ಯಾರು ನಿಲ್ಲಿಸಬೇಕು ಅನ್ನುವುದನ್ನು. ಅಂದರೆ ಕಾಲವನ್ನು. ಸಿನಿಮಾದವರು ನಾವು ಜನರಿಂದ ಸದ್ದನ್ನು ತೆಗೆದುಕೊಂಡು, ಕಾಲವನ್ನು ಮಾತ್ರ ನಮ್ಮದೇ ಇಟ್ಟುಕೊಳ್ಳುತ್ತೇವೆ.

ಇದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. 1995ರ 'ಬಾಂಬೆ' ಚಿತ್ರದ ಹಾಡಿನಲ್ಲಿ ಮಳೆಗೆ ನೆನೆದ ಬೇಕಲ ಕೋಟೆಯನ್ನು ಇಡೀ ದೇಶ ನೋಡಿತು. ಹಾಡು ಅದ್ಭುತ. ಕಾಸರಗೋಡು ಅಲ್ಲಿ ಕಲ್ಲು, ಕಡಲು, ಮಳೆ ಕೊಟ್ಟಿತು. ಅಂದಿನಿಂದ ಇಂದಿನವರೆಗೆ ಎಷ್ಟೋ ಕ್ಯಾಮೆರಾಗಳು ನಮ್ಮಲ್ಲಿಗೆ ಬಂದಿವೆ. ಇಲ್ಲಿ ಏನು ಕಾಣಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಏನು ಕೇಳಿಸುತ್ತದೆ ಎಂದು ಕೇಳಿದವರು ಕಡಿಮೆ.

ಜಗಲಿಯಿಂದ ಅಂಗಳಕ್ಕೆ

ನಮ್ಮ ಮನೆಯಲ್ಲಿ ಹವ್ಯಕ ಮಾತು, ಶಾಲೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಬಸ್ಸು ಹತ್ತಿದರೆ ಮಲಯಾಳ. ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಜ್ಜನ ಕಾಲದಲ್ಲಿ ನಮ್ಮ ಮನೆಯ ಎದುರಿನ ಬೈಲಿನಲ್ಲಿ ಮಳೆಗಾಲದ ಏಣಿಲು ಬೆಳೆಗೆ ನೇಜಿ ನೆಡುವಾಗ ಹೆಂಗಸರು ಸಾಲಾಗಿ ಬಗ್ಗಿ ಓಬೇಲೆ ಎಂಬ ಗದ್ದೆ ಕೆಲಸದ ಹಾಡು ಹೇಳುತ್ತಿದ್ದರು. ಪಾಡ್ದನ, ಅಂದರೆ ತುಳುವಿನ ಕಥನಗೀತೆ, ಹೇಳುತ್ತಿದ್ದರು. ನಾನು ಚಾವಡಿಯಲ್ಲಿ ಕೂತು ಕೇಳಿದವನು. ಅವರು ಕೆಸರಿನಲ್ಲಿ ನಿಂತು ಹಾಡಿದವರು. ಈ ವ್ಯತ್ಯಾಸವನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಾನು 'ನಮ್ಮ ಪರಂಪರೆ' ಎಂದು ಹೆಮ್ಮೆಯಿಂದ ಹೇಳುವ ಹಾಡನ್ನು ಹಾಡಿದವರು ದಿನಗೂಲಿಗೆ ಬಂದ ಹೆಂಗಸರು.

ಅವರಲ್ಲಿ ಒಬ್ಬರು ಈಗಲೂ ಇದ್ದಾರೆ. ಎಪ್ಪತ್ತು ದಾಟಿದೆ, ಸ್ವರ ಗಟ್ಟಿಯಿದೆ. ಸಿನಿಮಾಕ್ಕಾಗಿ ಹಾಡಿಕೊಡಬಹುದಾ ಎಂದು ಕೇಳಿದೆ. ಯಾವ ಹಾಡು ಬೇಕು ಎಂದು ಕೇಳಿದರು. ಮನೆ ಬಿಟ್ಟು ಹೋಗುವ ಹೆಣ್ಣಿನ ಹಾಡು ಅಂದೆ. ಹಾಗಾದರೆ ಸಿರಿ, ಅಂದರು. ತುಳು ಪಾಡ್ದನದ ನಾಯಕಿ ಸಿರಿ ಗಂಡನನ್ನು ಬಿಟ್ಟು, ಸತ್ಯನಾಪುರದ ಅರಮನೆಯಿಂದ ಹೊರಡುವ ಭಾಗ.

ಮೈಕು, ರೆಕಾರ್ಡರ್ ಹಿಡಿದು ಅವರ ಮನೆಗೆ ಹೋದೆವು. ಹೊರಗೆ ಮಳೆ ಸ್ವಲ್ಪ ಬಿಟ್ಟಿತ್ತು. ಜಗಲಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ದೃಶ್ಯದ ವೇಗಕ್ಕೆ ಹೊಂದಬೇಕಲ್ಲ, ಅದಕ್ಕೆ ಕಿವಿಗೆ ಹೆಡ್‌ಫೋನ್ ಇಟ್ಟು ಮೆಲ್ಲಗೆ ಕ್ಲಿಕ್ ಹಾಕಿದೆವು. ಅವರು ಒಂದು ಸಾಲು ಹೇಳಿದರು, ನಿಲ್ಲಿಸಿದರು. ಇನ್ನೊಂದು ಸಾಲು, ಅದೂ ಅರ್ಧಕ್ಕೆ ನಿಂತಿತು. ಮರೆತಿದ್ದಲ್ಲ. ಮಾತು ಮಾತಾಗಿ ಕೇಳಿದರೆ ಕಥೆ ಪೂರ್ತಿ ಹೇಳುತ್ತಿದ್ದರು. ರಾಗಕ್ಕೆ ಹತ್ತುತ್ತಿರಲಿಲ್ಲ. ಕೊನೆಗೆ ಹೆಡ್‌ಫೋನ್ ತೆಗೆದು ಕುರ್ಚಿಯ ಮೇಲಿಟ್ಟರು. ಅಂಗಳದ ಬದಿಯಲ್ಲಿ ತೆಂಗಿನ ಮಡಲು ಬಿದ್ದಿತ್ತು. ಎಳೆದುಕೊಂಡು ಬಂದು, ನೆಲಕ್ಕೆ ಕೂತು, ಹಿಡಿಸೂಡಿಗೆ, ಅಂದರೆ ಪೊರಕೆಗೆ, ಗರಿ ಸೀಳಲು ಶುರು ಮಾಡಿದರು. ಬಲಗೈಯಲ್ಲಿ ಸಣ್ಣ ಕತ್ತಿ, ಎಡಗೈಯಲ್ಲಿ ಗರಿ. ಕತ್ತಿಯ ಬಾಯಿ ಕಡ್ಡಿಯ ಉದ್ದಕ್ಕೂ ಸರ್ ಎಂದು ಇಳಿಯುತ್ತದೆ, ಸಿಪ್ಪೆ ಒಂದು ಕಡೆ ಬೀಳುತ್ತದೆ, ಕಡ್ಡಿ ಇನ್ನೊಂದು ಕಡೆ. ನಾಲ್ಕೈದು ಕಡ್ಡಿ ಆಗುವಾಗ ಹಾಡು ಬಂತು.

ಕತ್ತಿ ಇಳಿಯುವಾಗ ಸಾಲು ಇಳಿಯುತ್ತದೆ. ಹೊಸ ಗರಿ ಎತ್ತಿಕೊಳ್ಳುವಾಗ ಒಂದು ಸಣ್ಣ ಬಿಡುವು. ಗಂಟು ಬಂದರೆ ಕೈ ತಡೆಯುತ್ತದೆ, ಆಗ ಸ್ವರವೂ ಅಲ್ಲೇ ನಿಂತು ಕಾಯುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ಇನ್ನೊಬ್ಬರು ಬಂದು ಮೆಟ್ಟಿಲಲ್ಲಿ ಕೂತರು. ಯಾರೂ ಕರೆದಿರಲಿಲ್ಲ. ಇವರ ಸಾಲು ಮುಗಿಯುವ ಮೊದಲೇ, ಕೊನೆಯ ಎರಡು ಅಕ್ಷರದ ಮೇಲೆ ಅವರು ತಮ್ಮ ಸಾಲು ಹತ್ತಿಸಿದರು. ಎರಡು ಸ್ವರ ಸ್ವಲ್ಪ ಹೊತ್ತು ಒಂದರ ಮೇಲೊಂದು ನಿಂತವು. ಆಮೇಲೆ ಮೊದಲನೆಯದು ಬಿಟ್ಟುಕೊಟ್ಟಿತು. ಹೀಗೇ ನಡೆಯಿತು. ಮೈಕು ಇನ್ನೂ ಜಗಲಿಯ ಕಡೆಗೇ ಇತ್ತು. ಜೊತೆಗಿದ್ದ ಹುಡುಗ ಸದ್ದಿಲ್ಲದೆ ಅದನ್ನು ಅಂಗಳಕ್ಕೆ ತಂದ.

ಆಮೇಲೆ ಸ್ಟುಡಿಯೋದಲ್ಲಿ ಕೂತು ಆ ಹಾಡನ್ನು ಜಾಲರಿಯ ಮೇಲೆ ಹಾಕಿ ನೋಡಿದೆ. ಯಾವ ಎರಡು ಸಾಲೂ ಒಂದೇ ಉದ್ದ ಇಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಎಲ್ಲವೂ ತಪ್ಪು. ಆದರೆ ಸಿರಿ ಹೊಸಿಲು ದಾಟುವ ಜಾಗ ಹತ್ತಿರ ಬಂದ ಹಾಗೆ ಬಿಡುವುಗಳು ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತಾ ಹೋಗಿದ್ದವು. ದಾಟಿದ ಮೇಲೆ ಮತ್ತೆ ಸಣ್ಣದಾಗಿದ್ದವು. ಹಾಡಿದವರು ಅದನ್ನು ಯೋಚಿಸಿ ಮಾಡಿದರೋ, ಕೈ ತನ್ನಷ್ಟಕ್ಕೆ ನಿಧಾನವಾಯಿತೋ ಹೇಳುವುದು ಕಷ್ಟ. ಎರಡೂ ಒಂದೇ ಇರಬೇಕು. ಸಂಗೀತ ನಿರ್ದೇಶಕ ಅನ್ನಿಸಿಕೊಂಡ ನಾನು ಆ ದೃಶ್ಯಕ್ಕೆ ಇದಕ್ಕಿಂತ ಒಳ್ಳೆಯದನ್ನು ಬರೆಯಲಾರೆ ಎಂದು ಅವತ್ತೇ ಗೊತ್ತಾಯಿತು.

ಪಾಡ್ದನ ಹಾಡುಗಾರ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು ಫಿನ್‌ಲ್ಯಾಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರ ಜೊತೆ ಸೇರಿ 1990ರಲ್ಲಿ ದಾಖಲಿಸಿದರು. 1998ರಲ್ಲಿ ಅಚ್ಚಾದ ಆ ಪಾಠದಲ್ಲಿ 15,683 ಸಾಲುಗಳಿವೆ. ಮಹಾಕಾವ್ಯಗಳ ಸಾಲಿನಲ್ಲಿ ನಿಲ್ಲುವ ಉದ್ದ. ಗದ್ದೆಯಲ್ಲಿ ಅದೇ ಕಥೆ ಕೆಲಸ ಇದ್ದಷ್ಟು ಹೊತ್ತು ಉದ್ದವಾಗುತ್ತದೆ, ಕೆಲಸ ಮುಗಿದರೆ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಸಿನಿಮಾದಲ್ಲಿ ಅದಕ್ಕೆ ಇಟ್ಟಿದ್ದ ಜಾಗ ಎರಡು ನಿಮಿಷವೂ ಇರಲಿಲ್ಲ.

ಬೈಲಿನಾಚೆಯ ಚೆಂಡೆ

ಟೆಂಪ್ ಟ್ರ್ಯಾಕಿನಲ್ಲಿ ಚೆಂಡೆ ಎಷ್ಟು ಜಾಸ್ತಿ ಇತ್ತೆಂದರೆ ಮೊಮ್ಮಗ ಬಸ್ಸಿನಿಂದ ಇಳಿದರೂ ಚೆಂಡೆ. ನಾನು ಕುಂಬಳೆ ಸೀಮೆಯವನು, ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ ಕೇಳಿಯೇ ಬೆಳೆದವನು. ಆಟದಲ್ಲಿ, ಅಂದರೆ ಯಕ್ಷಗಾನದಲ್ಲಿ, ಚೆಂಡೆಗೆ ಒಂದು ಶಿಸ್ತಿದೆ. ಪ್ರವೇಶಕ್ಕೆ, ಯುದ್ಧಕ್ಕೆ, ಬಣ್ಣದ ವೇಷ ಎದ್ದು ಬರುವುದಕ್ಕೆ ಚೆಂಡೆ ಬೇಕು. ಶೃಂಗಾರಕ್ಕೆ, ಅಳುವ ಪದಕ್ಕೆ ಮದ್ದಳೆಯೇ ಸಾಕು. ಅಂಥ ಹೊತ್ತಿನಲ್ಲಿ ಚೆಂಡೆಯವರು ಕೋಲು ಹಿಡಿದು ಸುಮ್ಮನಿರುತ್ತಾರೆ. ಹಾಗೆ ಇಷ್ಟು ಹೊತ್ತು ಸುಮ್ಮನಿದ್ದದ್ದಕ್ಕೇ ಮುಂದಿನ ಪೆಟ್ಟಿಗೆ ಮೈ ಜುಮ್ಮೆನ್ನುವುದು. ಯಾವಾಗಲೂ ಬಡಿಯುತ್ತಿದ್ದರೆ ಅದು ಬರೀ ಗದ್ದಲ, ಅಲ್ವಾ?

ಇನ್ನೊಂದು ಸಂಗತಿ ನನಗೆ ಆ ದಿನಗಳಲ್ಲೇ ಹೊಳೆದದ್ದು. ನಮ್ಮ ಕಡೆಯ ಜನರ ನೆನಪಿನಲ್ಲಿ ಚೆಂಡೆ ಹತ್ತಿರದ ಸದ್ದಲ್ಲ, ದೂರದ ಸದ್ದು. ಆಟ ಇದೆ ಎಂದು ಸಾರುವ ಕೇಳಿ ಸಂಜೆ ಬಡಿದರೆ ಅದು ಗುಡ್ಡೆ ದಾಟಿ, ಬೈಲು ದಾಟಿ ಬರುತ್ತದೆ. ಗಾಳಿ ತಿರುಗಿದರೆ ಅರ್ಧ ಹಾರಿಹೋಗುತ್ತದೆ. ಇವತ್ತು ಎಲ್ಲಿ ಆಟ ಎಂದು ಮಕ್ಕಳು ಕಿವಿ ಕೊಟ್ಟು ದಿಕ್ಕು ಹುಡುಕುತ್ತಾರೆ. ರಾತ್ರಿ ಮನೆಯಲ್ಲೇ ಉಳಿದ ಹೆಂಗಸರು ಆ ಸದ್ದಿನಿಂದಲೇ ಪ್ರಸಂಗ ಎಲ್ಲಿಗೆ ಬಂತು ಎಂದು ಲೆಕ್ಕ ಹಾಕುತ್ತಾರೆ. ಹಾಗಾಗಿ ಅಜ್ಜಿಯ ದೃಶ್ಯಕ್ಕೆ ಚೆಂಡೆಯನ್ನು ಮೈಕಿನ ಹತ್ತಿರ ಬಾರಿಸಿ ಹಿಡಿಯುವ ಬದಲು, ವಾದಕರನ್ನು ಬೈಲಿನ ಆಚೆ ದಡದಲ್ಲಿ ನಿಲ್ಲಿಸಿ, ನಾವು ಈಚೆ ಮನೆಯ ಹಿತ್ತಿಲಲ್ಲಿ ಮೈಕಿಟ್ಟು ಹಿಡಿದೆವು. ಕಪ್ಪೆ, ಜೀರುಂಡೆ, ದೂರದ ಬಸ್ಸಿನ ಹಾರ್ನ್ ಎಲ್ಲ ಸೇರಿ ಬಂತು. ಇಡೀ ಸಿನಿಮಾದಲ್ಲಿ ಚೆಂಡೆ ಇರುವುದು ಅಲ್ಲಿ ಮಾತ್ರ.

ಸುರಂಗದಲ್ಲೂ ಹೀಗೇ ಒಂದು ವಿಷಯ ಕಲಿತೆ. ಗುಡ್ಡೆಗೆ ಅಡ್ಡಲಾಗಿ ಕೈಯಲ್ಲೇ ಕೊರೆದ ನಮ್ಮ ನೀರಿನ ಸುರಂಗಗಳು ನಿಮಗೆ ಗೊತ್ತಿರಬಹುದು. ಸಿನಿಮಾದಲ್ಲಿ ಒಂದು ದೃಶ್ಯ ಅದರೊಳಗೆ ನಡೆಯುತ್ತದೆ. ಟೆಂಪ್ ಟ್ರ್ಯಾಕಿನಲ್ಲಿ ಅಲ್ಲಿಗೆ ದೊಡ್ಡ ಗುಹೆಯ ಮಾರ್ದನಿ ಹಾಕಿದ್ದರು. ನಿಜವಾದ ಸುರಂಗಕ್ಕೆ ಬಗ್ಗಿ ಹೋಗಿ ಚಪ್ಪಾಳೆ ತಟ್ಟಿದರೆ ಅಂಥ ಮಾರ್ದನಿ ಇಲ್ಲವೇ ಇಲ್ಲ. ತೂತು ತೂತಾದ ಮುರಕಲ್ಲು ಸದ್ದನ್ನು ಕುಡಿದುಬಿಡುತ್ತದೆ. ನಿಮ್ಮದೇ ಉಸಿರು ಕಿವಿಯ ಪಕ್ಕದಲ್ಲಿ ಇರುತ್ತದೆ, ಒರತೆ ಎಲ್ಲೋ ಮುಂದೆ ತೊಟ್ಟಿಕ್ಕುತ್ತಿರುತ್ತದೆ. ಅಲ್ಲಿ ಸಂಗೀತವನ್ನೇ ಹಾಕಲಿಲ್ಲ.

ಈ ನಡುವೆ ತಂಡದ ಒಬ್ಬರು, ಕಾಸರಗೋಡು ಅಂದ ಮೇಲೆ ದೈವಾರಾಧನೆಯ ತೆಯ್ಯಂ ಹಾಕಬಹುದಲ್ಲ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ, ದೂರದಿಂದ ನೋಡಿದರೆ ಹಾಗೇ ಕಾಣುತ್ತದೆ. ಆದರೆ ಚಂದ್ರಗಿರಿ ಹೊಳೆಯ ತೆಂಕಿಗೆ ತೆಯ್ಯಂ, ಅದರ ತೋಟ್ಟಂ ಪಾಟ್ಟು, ಅದರ ಚೆಂಡ, ಇಲತ್ತಾಳ. ಬಡಗಿಗೆ ಭೂತದ ಕೋಲ, ಪಾಡ್ದನ, ತೆಂಬರೆ, ತಾಸೆ, ಕೊಂಬು. ನಡುವೆ ಎರಡೂ ಬೆರೆತ ಊರುಗಳೂ ಇವೆ. ರಾಜ್ಯಗಳ ಗಡಿ ವಿವಾದಕ್ಕೆಂದು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಇದೇ ಹೊಳೆಯ ಬಡಗಿನ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಹೇಳಿತ್ತು. ಅದು ಜಾರಿಗೆ ಬರಲಿಲ್ಲ. ಗಡಿ ಎಲ್ಲೇ ಇರಲಿ, ಕಿವಿಗೆ ಆ ಹೊಳೆ ಇವತ್ತಿಗೂ ಅಲ್ಲೇ ಹರಿಯುತ್ತಿದೆ. ನಮ್ಮ ಸಿನಿಮಾದ ಅಜ್ಜಿಯ ಮನೆ ಬಡಗಿನದ್ದು.

ಡೋಲು

ಇಡೀ ಕೆಲಸದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಡೋಲು. ಸಿನಿಮಾದಲ್ಲಿ ಹಳೆಯ ಕಂಬಳವೊಂದರ ನೆನಪಿನ ದೃಶ್ಯ ಇದೆ. ಕೋಣಗಳು, ಕೆಸರು, ಹಗ್ಗ. ನಿರ್ದೇಶಕರಿಗೆ ಅಲ್ಲಿ ಕೊರಗ ಬುಡಕಟ್ಟಿನವರ ಡೋಲು ಬೇಕಿತ್ತು. ಆ ವಾದ್ಯದ ಸದ್ದು ಅಷ್ಟು ಚೆನ್ನಾಗಿದೆ. ಎದೆಯ ಕೆಳಗೆ ಬಂದು ಬಡಿಯುತ್ತದೆ.

ಮಂಜೇಶ್ವರ ಕಡೆಯ ಒಬ್ಬ ಕೊರಗ ಯುವಕನನ್ನು ಕಾಣಲು ಹೋದೆ. ತಂಡ ಕಟ್ಟಿಕೊಂಡು ವೇದಿಕೆಗಳಲ್ಲಿ ಡೋಲು ಬಾರಿಸುವವರು. ಬಹಳ ಚೆನ್ನಾಗಿ ಬಾರಿಸುತ್ತಾರೆ. ದೃಶ್ಯ ತೋರಿಸಿದೆ. ಅವರು ಕಂಬಳದ ದೃಶ್ಯವನ್ನು ಪೂರ್ತಿ ನೋಡಿ, ಇದಕ್ಕೆ ಬಾರಿಸುವುದಿಲ್ಲ ಅಂದರು. ಜಗಳದ ಸ್ವರ ಏನಿಲ್ಲ. ಅವರ ಅಜ್ಜ ಕಂಬಳದ ಹಿಂದಿನ ರಾತ್ರಿ ಗದ್ದೆಯ ಬದಿಯಲ್ಲಿ ಮಂಜಿಗೆ ಕೂತು ಬೆಳಗಿನವರೆಗೆ ಬಾರಿಸಬೇಕಾಗಿತ್ತಂತೆ. ಬೇಕು ಬೇಡ ಕೇಳುವವರಿರಲಿಲ್ಲ. ಕೋಣ ಇಳಿಯುವ ಮೊದಲು ಕೊರಗರನ್ನು ಗದ್ದೆಯಲ್ಲಿ ಓಡಿಸುತ್ತಿದ್ದದ್ದೂ ಎಲ್ಲರಿಗೂ ಗೊತ್ತಿರುವುದೇ. ಕರ್ನಾಟಕದಲ್ಲಿ 2000ದಲ್ಲಿ, ಕೊರಗರಿಂದ ಇಂಥದ್ದನ್ನೆಲ್ಲ ಮಾಡಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂತು. ಕಾನೂನು ಬೇಕಾಗುವಷ್ಟು ಕಾಲ ಅದು ನಡೆದಿತ್ತು ಅನ್ನುವುದನ್ನು ಮರೆಯಬಾರದು. ನಮ್ಮ ಅಜ್ಜಂದಿರು ಆ ಗದ್ದೆಯ ಕಟ್ಟೆಯ ಮೇಲೆ ನಿಂತವರ ಪೈಕಿ.

ಇಲ್ಲಿ 'ಪರಂಪರೆ' ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡಲು ನನಗೆ ಬಾಯಿ ಬರುವುದಿಲ್ಲ. ಒಂದು ಸದ್ದು ನಿಜವಾಗಿ ಆ ಜಾಗದಲ್ಲಿ ಇತ್ತು ಎಂದ ಮಾತ್ರಕ್ಕೆ ಅದನ್ನು ಅಲ್ಲಿ ಮತ್ತೆ ಕೇಳಿಸುವ ಹಕ್ಕು ನಮಗೆ ಬರುತ್ತದೆಯೇ? ಚರಿತ್ರೆ ತೋರಿಸುವುದಕ್ಕಾಗಿ ಕೇಳಿಸಬೇಕು ಎಂದು ವಾದಿಸಬಹುದು. ನಿರ್ದೇಶಕರು ವಾದಿಸಿದರು, ಅದರಲ್ಲಿ ಅರ್ಥವೂ ಇತ್ತು. ಆದರೆ ಆ ದೃಶ್ಯ ಬಲವಂತದ ಬಗ್ಗೆ ಅಲ್ಲ, ಕಂಬಳದ ಚೆಂದದ ಬಗ್ಗೆ. ಅದರ ಚೆಂದ ಹೆಚ್ಚಿಸಲು ಆ ಡೋಲನ್ನು ಬಳಸಿದರೆ ನಾವು ಅದೇ ರಾತ್ರಿಯನ್ನು ಮತ್ತೊಮ್ಮೆ ನಡೆಸಿದ ಹಾಗೆಯೇ. 'ಚೋಮನ ದುಡಿ' ನೆನಪಾಗುತ್ತದೆ. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ 1975ರ ಸಿನಿಮಾ. ಚೋಮ ದುಡಿ ಬಾರಿಸುವುದು ಧಣಿಯ ಅಂಗಳದ ಸಂಭ್ರಮಕ್ಕಲ್ಲ, ತನ್ನ ಗುಡಿಸಲಲ್ಲಿ ತನ್ನ ಸಿಟ್ಟಿಗೆ, ತನ್ನ ದುಃಖಕ್ಕೆ. ಅಲ್ಲಿ ದುಡಿ ಯಾವಾಗ ಶುರುವಾಗಬೇಕು ಅನ್ನುವುದು ಅವನ ಕೈಯಲ್ಲಿದೆ.

ಆ ಯುವಕ ಕಂಬಳ ಬೇಡ ಅಂದವರು, ಉಳಿದ ಸಿನಿಮಾ ತೋರಿಸಿ ಅಂದರು. ಲ್ಯಾಪ್‌ಟಾಪಿನಲ್ಲಿ ಪೂರ್ತಿ ನೋಡಿದರು. ಕಥೆಯಲ್ಲಿ ಅಜ್ಜಿಯ ಗೆಳತಿಯ ಮನೆಯಲ್ಲಿ ಮದುವೆಯ ರಾತ್ರಿಯೊಂದಿದೆ. ಕುಣಿತ ಇದೆ, ಮಕ್ಕಳು ಓಡಾಡುತ್ತಾರೆ. ಅಲ್ಲಿಗೆ ನಾವು ಬಾರಿಸುತ್ತೇವೆ ಅಂದರು. ಮಳೆಯ ತಂಡಿಗೆ ತೊಗಲು ಸಡಿಲಾಗಿತ್ತು. ಬೆಂಕಿ ಹಾಕಿ, ಡೋಲನ್ನು ತಿರುಗಿಸಿ ತಿರುಗಿಸಿ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ಮತ್ತೆ ಕಾಯಿಸಿ, ತಮಗೆ ಸರಿ ಕಂಡ ಮೇಲೆಯೇ ಎತ್ತಿಕೊಂಡರು. ನಾವು ಅಷ್ಟು ಹೊತ್ತು ಕಾದೆವು. ಎಲ್ಲಿ ನಿಲ್ಲಿಸಬೇಕೆಂದು ನಾನು ಕೈ ತೋರಿಸಲಿಲ್ಲ. ಅವರು ನಿಲ್ಲಿಸಿದಲ್ಲಿ ನಿಂತಿತು. ಕಂಬಳದ ದೃಶ್ಯದಲ್ಲಿ ಈಗ ನೀರಿನ ಸದ್ದು, ಕೋಣದ ಉಸಿರು, ಜನರ ಬೊಬ್ಬೆ ಇದೆ. ವಾದ್ಯ ಇಲ್ಲ.

ಕತ್ತರಿ ಹಿಡಿದವರ ಜೊತೆ

ಇನ್ನು ಉಳಿದದ್ದು ಸಿರಿಯ ಹಾಡು. ಸಿನಿಮಾದಲ್ಲಿ ಸಂಕಲನ ಲಾಕ್ ಆದ ಮೇಲೆಯೇ ಸಂಗೀತ ಶುರು. ಚಿತ್ರದ ಉದ್ದ ಗಟ್ಟಿಯಾದ ಮೇಲೆ ಅದಕ್ಕೆ ತಕ್ಕ ಹಾಗೆ ನಾವು ಹೊಲಿಯಬೇಕು. ಇದು ಎಲ್ಲ ಕಡೆಯ ಪದ್ಧತಿ. ಆ ಹಾಡನ್ನು ಕತ್ತರಿಸಿ, ಎಳೆದು, ಒತ್ತಿ ಎರಡು ನಿಮಿಷದೊಳಗೆ ಕೂರಿಸುವ ತಂತ್ರ ನನಗೆ ಗೊತ್ತು. ಕಂಪ್ಯೂಟರ್ ಅದನ್ನು ಯಾರಿಗೂ ಗೊತ್ತಾಗದಂತೆ ಮಾಡಿಕೊಡುತ್ತದೆ. ಮಾಡಲು ಮನಸ್ಸು ಒಪ್ಪಲಿಲ್ಲ. ಕೆಳಗೊಂದು ತಂಬೂರಿ ಹಾಕುವ ಯೋಚನೆಯನ್ನೂ ಬಿಟ್ಟೆ. ಇಬ್ಬರ ಸ್ವರ ಒಂದರ ಮೇಲೊಂದು ನಿಲ್ಲುವ ಆ ಜಾಗವೇ ಹಾಡಿನ ಜೀವ. ಅದರ ಕೆಳಗೆ ಏನಿಟ್ಟರೂ ಅದು ಮುಚ್ಚಿಹೋಗುತ್ತದೆ.

ಸಂಕಲನಕಾರರು ಬೆಂಗಳೂರಿನಲ್ಲಿದ್ದರು. ಹಾಡನ್ನು ಹಾಗೆಯೇ ಕಳಿಸಿ, ಈ ದೃಶ್ಯವನ್ನು ಇದರ ಮೇಲೆ ಮತ್ತೆ ಕತ್ತರಿಸಬಹುದಾ ಎಂದು ಕೇಳಿದೆ. ಮೊದಲು ಆಗುವುದಿಲ್ಲ ಅಂದರು. ನ್ಯಾಯವೇ, ಲಾಕ್ ಆದದ್ದನ್ನು ಬಿಚ್ಚಿದರೆ ಡಬ್ಬಿಂಗು, ಎಫೆಕ್ಟ್ಸು, ಬಣ್ಣ ಎಲ್ಲದರ ಲೆಕ್ಕ ತಪ್ಪುತ್ತದೆ, ದುಡ್ಡೂ ಖರ್ಚು. ಮೂರು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಅಜ್ಜಿಯ ಕೈಯ ಒಂದು ಉದ್ದನೆಯ ಶಾಟ್ ಇತ್ತಂತೆ, ಏನೂ ನಡೆಯುವುದಿಲ್ಲ ಎಂದು ಹಿಂದೆ ಎಸೆದದ್ದು. ಹಾಡಿನ ಬಿಡುವುಗಳ ಮೇಲೆ ಅದನ್ನು ಇಟ್ಟು ನೋಡಿದರಂತೆ. ಈಗ ಆ ದೃಶ್ಯ ನಾಲ್ಕು ನಿಮಿಷದ ಹತ್ತಿರ ಇದೆ. ಬಾಗಿಲು ಮುಚ್ಚುವುದು ಯಾವ ಪೆಟ್ಟಿಗೂ ಸರಿಯಾಗಿ ಬೀಳುವುದಿಲ್ಲ. ಎರಡನೆಯವರ ಸ್ವರ ಹತ್ತಿಕೊಳ್ಳುವಾಗ ಮುಚ್ಚುತ್ತದೆ, ಸ್ವಲ್ಪ ತಡವಾಗಿ. ನೋಡಿದ ನಿರ್ದೇಶಕರು ಹೀಗೇ ಇರಲಿ ಅಂದರು. ಅವರ ಮೇಲೆ ನನಗೆ ಬಹಳ ಗೌರವ ಮೂಡಿತು. ಇಡೀ ಸಿನಿಮಾ ಹೀಗೆ ಮಾಡಿಲ್ಲ. ಶೀರ್ಷಿಕೆಯ ಸಂಗೀತ, ಬಸ್ಸಿನ ಪ್ರಯಾಣ, ಮಂಗಳೂರಿನ ದೃಶ್ಯಗಳು ಎಲ್ಲ ಕ್ಲಿಕ್ಕಿನ ಮೇಲೆಯೇ ಇವೆ. ಅಲ್ಲಿ ಅದು ಸರಿ.

ಯಾರ ಹೆಸರಿಗೆ

ಕೊನೆಗೆ ಕಾಗದದ ವಿಷಯ. ಟೈಟಲ್ ಕಾರ್ಡಿನಲ್ಲಿ ಇಂಥ ಹಾಡಿಗೆ 'ಸಾಂಪ್ರದಾಯಿಕ' ಎಂದು ಹಾಕಿ ಮುಗಿಸುವುದು ರೂಢಿ. ಬರೆದವರು ಯಾರೂ ಅಲ್ಲ, ಆದ್ದರಿಂದ ಕೊಡಬೇಕಾದ್ದೂ ಯಾರಿಗೂ ಇಲ್ಲ, ಅನ್ನುವ ಅನುಕೂಲದ ಲೆಕ್ಕ ಅದರಲ್ಲಿದೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದಾಗ ಹಾಡುವವರಿಗೂ ರಾಯಧನದ ಹಕ್ಕು ಸೇರಿದೆ. ಹಾಡು ಯಾರದ್ದು ಅನ್ನುವುದು ಹೇಳಲು ಕಷ್ಟವಾದರೂ, ಅಂಗಳದಲ್ಲಿ ಕೂತು ಹಾಡಿದ್ದು ಯಾರು ಎಂದು ನಮಗೆ ಚೆನ್ನಾಗಿ ಗೊತ್ತು. ಇಬ್ಬರಿಗೂ ಸ್ಟುಡಿಯೋ ಗಾಯಕರಿಗೆ ಕೊಡುವ ಸಂಭಾವನೆಯನ್ನೇ ಕೊಡಬೇಕೆಂದು ನಿರ್ಮಾಪಕರ ಜೊತೆ ಕೂತು ಮಾತಾಡಿದೆ. ಒಪ್ಪಿದರು. ಕಾರ್ಡಿನಲ್ಲಿ ಅವರ ಹೆಸರು ನನ್ನ ಹೆಸರಿಗಿಂತ ಮೊದಲು ಬರುತ್ತದೆ. ಡೋಲಿನ ತಂಡದವರದ್ದೂ ಅಷ್ಟೇ.

ಈಗ ಇನ್ನೊಂದು ಸಿನಿಮಾದ ಮಾತುಕತೆ ನಡೆಯುತ್ತಿದೆ, ಅದೂ ಗಡಿ ಕಡೆಯ ಕಥೆ. ಈ ಸಲ ಕರಾರಿನಲ್ಲೇ ಒಂದು ಷರತ್ತು ಸೇರಿಸಲು ಕೇಳಿದ್ದೇನೆ. ಊರಿನವರು ಹಾಡುವ, ಬಾರಿಸುವ ದೃಶ್ಯಗಳ ಸಂಗೀತವನ್ನು ಮೊದಲು ಹಿಡಿಯಬೇಕು, ಸಂಕಲನ ಅದರ ನಂತರ ಲಾಕ್ ಆಗಬೇಕು. ನಿರ್ಮಾಪಕರ ಕಡೆಯವರು ಹೀಗೆಲ್ಲ ಮಾಡಿದರೆ ವೇಳಾಪಟ್ಟಿ ಹೇಗೆ ಹಾಕುವುದು ಎಂದು ಕೇಳುತ್ತಿದ್ದಾರೆ. ಮುಂದಿನ ವಾರ ಮತ್ತೆ ಕೂರುತ್ತೇವೆ. ನಾನು ಆ ಸಾಲನ್ನು ತೆಗೆಯುವುದಿಲ್ಲ.